‘ಅನುಮಾನ’ ಎಂಬ ಪದ: ಎರಡು ಭಾಷೆಗಳ ನಡುವಿನ ಅರ್ಥ ಮತ್ತು ತರಗತಿಯ ಬಳಕೆ

ಗಡಿಭಾಗದ ಕನ್ನಡ ಮಾಧ್ಯಮದ ಮಕ್ಕಳು ದಿನವೂ ಎರಡು ಭಾಷೆಗಳ ನಡುವೆ ಓಡಾಡುತ್ತಾರೆ. ಶಿರೋಳ ತಾಲೂಕಿನ ಅಕಿವಾಟದ ಕಡೆಯ ಕನ್ನಡ ಮನೆಯ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಅಂಗಡಿಯಲ್ಲಿ ಮರಾಠಿ ಆಡುತ್ತದೆ. ಇಚಲಕರಂಜಿಯ ಮಗ್ಗದ ಗಲ್ಲಿಗಳಲ್ಲಿಯೂ ಗಡಹಿಂಗ್ಲಜದ ಸಂತೆಯಲ್ಲಿಯೂ ಒಂದೇ ವಾಕ್ಯದೊಳಗೆ ಎರಡನ್ನೂ ಕೇಳುತ್ತದೆ. ರೂಪದಲ್ಲಿಯೇ ಬೇರೆಯಾಗಿರುವ ಪದಗಳು ಇಂಥ ಮಗುವಿಗೆ ತೊಡಕಾಗುವುದಿಲ್ಲ. ‘ನೀರು’ ಎಂದರೆ ‘ಪಾಣೀ’ ಎಂಬುದನ್ನು ಅದು ಶಾಲೆಗೆ ಬರುವ ಮೊದಲೇ ಬಲ್ಲದು. ತೊಡಕು ಬರುವುದು ರೂಪ ಒಂದೇ ಆಗಿದ್ದು ಅರ್ಥ ಬೇರೆಯಾದಾಗ. ಪದ ಪರಿಚಿತವಾಗಿದೆ ಎಂಬ ಧೈರ್ಯದಿಂದ ಮಗು ಮುಂದೆ ಸಾಗುತ್ತದೆ. ಶಿಕ್ಷಕರೂ ಅದೇ ಧೈರ್ಯದಿಂದ ಮುಂದೆ ಸಾಗುತ್ತಾರೆ. ಇಬ್ಬರ ಅರ್ಥಗಳು ಬೇರೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ‘ಸಾಹಿತ್ಯ’ ಎಂದರೆ ಕನ್ನಡದಲ್ಲಿ ಕಾವ್ಯ, ಕಥೆ, ನಾಟಕ. ಮರಾಠಿಯ ಪ್ರಯೋಗವಹಿಯಲ್ಲಿ ಅದು ಪರೀಕ್ಷಾನಳಿಕೆ, ಸುಣ್ಣದ ತಿಳಿನೀರು, ಮೇಣದಬತ್ತಿ. ಅದೇ ವಹಿಯಲ್ಲಿ ಕೆಳಗೆ ಬರುವ ಇನ್ನೊಂದು ಶೀರ್ಷಿಕೆ ‘ಅನುಮಾನ’. ಈ ಪಾಠದ ವಿಷಯ ಅದೇ.

ಪದದ ಮೂಲ

‘ಅನು’ ಎಂದರೆ ಹಿಂದಿನಿಂದ, ಅನುಸರಿಸಿ. ‘ಮಾನ’ ಎಂದರೆ ಅಳತೆ. ಮೊದಲು ಕಂಡುದನ್ನು ಅನುಸರಿಸಿ, ಕಾಣದುದನ್ನು ಅಳೆಯುವುದೇ ಅನುಮಾನ. ನ್ಯಾಯದರ್ಶನವು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷದ ನಂತರ ಬರುವುದು ಇದು. ಉಪಮಾನ ಮತ್ತು ಶಬ್ದ ಉಳಿದೆರಡು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಇದಕ್ಕೆ ಪರಂಪರೆಯ ಉದಾಹರಣೆ. ಇಲ್ಲಿ ಅನುಮಾನವು ನಿಶ್ಚಯದ ಸಾಧನ. ಅದೇ ದರ್ಶನದ 16 ಪದಾರ್ಥಗಳಲ್ಲಿ ‘ಸಂಶಯ’ಕ್ಕೆ ಪ್ರತ್ಯೇಕವಾದ ಸ್ಥಾನವಿದೆ, ಪ್ರಮಾಣ, ಪ್ರಮೇಯಗಳ ನಂತರ ಮೂರನೆಯದು ಅದು. ಅಂದರೆ ಶಾಸ್ತ್ರದಲ್ಲಿ ಅನುಮಾನವೂ ಸಂಶಯವೂ ಬೇರೆ ಬೇರೆ ಮಾತ್ರವಲ್ಲ, ಒಂದು ಇನ್ನೊಂದನ್ನು ಕಳೆಯುವಂಥದು.

ಮರಾಠಿಯೂ ಹಿಂದಿಯೂ ಈ ಶಾಸ್ತ್ರದ ಅರ್ಥಕ್ಕೆ ಹತ್ತಿರವಾಗಿಯೇ ನಿಂತಿವೆ. ಅಲ್ಲಿ ಅನುಮಾನವೆಂದರೆ ಆಧಾರದಿಂದ ಹೊರಟ ತೀರ್ಮಾನ, ಇಲ್ಲವೆ ಅಂದಾಜು. ಕನ್ನಡವು ಬೇರೊಂದು ದಾರಿ ಹಿಡಿಯಿತು. ಕಣ್ಣಾರೆ ಕಾಣದೆ ಊಹಿಸಿದ್ದು ತಪ್ಪಾಗಿರಬಹುದು. ತಪ್ಪಾಗಿರಬಹುದಾದ ಊಹೆಯಲ್ಲಿ ಅರೆನಂಬಿಕೆ ಇರುತ್ತದೆ. ಆ ಅರೆನಂಬಿಕೆಯೇ ಕ್ರಮೇಣ ಪದದ ಮುಖ್ಯಾರ್ಥವಾಯಿತು ಎಂದು ತಿಳಿಯಬಹುದು. ಇದನ್ನು ಕನ್ನಡಿಗರ ತಪ್ಪು ಬಳಕೆ ಎಂದು ಕರೆಯುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ತೆಲುಗಿನಲ್ಲಿಯೂ ‘ಅನುಮಾನಂ’ ಎಂದರೆ ಸಂಶಯವೇ. ಅನುಮಾನ ದೊಡ್ಡ ರೋಗ ಎಂಬ ಅವರ ಗಾದೆಯನ್ನು ಕನ್ನಡಿಗರೂ ಆಡುತ್ತಾರೆ. ಎರಡು ದೊಡ್ಡ ಭಾಷೆಗಳ ಜನರೆಲ್ಲರೂ ಆಡುವ ಮಾತು ತಪ್ಪಾಗಲಾರದು. ಅದು ಆ ಭಾಷೆಗಳಲ್ಲಿ ಆ ಪದದ ಅರ್ಥ, ಅಷ್ಟೆ. ನಮ್ಮ ಕೆಲಸ ಯಾವ ಅರ್ಥ ಶ್ರೇಷ್ಠ ಎಂದು ತೀರ್ಪು ಕೊಡುವುದಲ್ಲ, ಯಾವ ಪುಟದಲ್ಲಿ ಯಾವ ಅರ್ಥ ಎಂದು ಮಗುವಿಗೆ ತೋರಿಸುವುದು.

ವಿಜ್ಞಾನದ ತಾಸಿನಲ್ಲಿ ಇದರ ಪರಿಣಾಮವನ್ನು ನೋಡಿರಿ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದಾಗ ಸ್ವಲ್ಪ ಹೊತ್ತಿಗೆ ಜ್ವಾಲೆ ನಂದುತ್ತದೆ. ಅದು ನಿರೀಕ್ಷಣೆ. ಉರಿಯಲು ಗಾಳಿ ಬೇಕು ಎಂಬುದು ಅದರಿಂದ ಹೊರಡುವ ತೀರ್ಮಾನ. ಮರಾಠಿ ವಹಿಯಲ್ಲಿ ಇದನ್ನು ‘ಅನುಮಾನ’ ಎಂಬ ಶೀರ್ಷಿಕೆಯ ಕೆಳಗೆ ಬರೆಯುತ್ತಾರೆ. ಕನ್ನಡ ಮನೆಯ ಮಗು ಆ ಶೀರ್ಷಿಕೆಯನ್ನು ಓದಿ, ಪ್ರಯೋಗದಲ್ಲಿ ತನಗೆ ಉಳಿದ ಸಂಶಯವನ್ನು ಬರೆಯಬೇಕೆಂದು ತಿಳಿದರೆ ಅದರ ಭಾಷಾಜ್ಞಾನ ಸರಿಯಾಗಿಯೇ ಇದೆ. ಕನ್ನಡದ ಪ್ರಯೋಗವಹಿಯಲ್ಲಿ ‘ತೀರ್ಮಾನ’ ಅಥವಾ ‘ನಿರ್ಣಯ’ ಎಂದು ಬರೆಯಿಸುವುದು ಲೇಸು. ‘ಅನುಮಾನ’ ಎಂದೇ ಮುದ್ರಿತವಾಗಿರುವಲ್ಲಿ ಅದನ್ನು ಹೊಡೆದುಹಾಕದೆ, ಪಕ್ಕದಲ್ಲಿ ‘ಇಲ್ಲಿ: ತೀರ್ಮಾನ’ ಎಂದು ಬರೆಯಿಸಬಹುದು. ಮಗುವಿಗೆ ಎರಡೂ ತಿಳಿದಿರಲಿ. ಮುಂದೆ ತರ್ಕವನ್ನೋ ಮರಾಠಿಯನ್ನೋ ಓದುವಾಗ ಅದು ನೆರವಾಗುತ್ತದೆ.

‘ಬರುವುದು ಅನುಮಾನ’, ‘ಬಂದಿರುವ ಅನುಮಾನ’

ಕನ್ನಡದೊಳಗೆಯೇ ಈ ಪದಕ್ಕೆ ಇರುವ ಎರಡು ಒಲವುಗಳನ್ನು ನಮ್ಮ ವ್ಯಾಕರಣ ಪಾಠಗಳು ಗಮನಿಸಿದ್ದು ಕಡಿಮೆ. ಈ ವಾಕ್ಯಗಳನ್ನು ಹೋಲಿಸಿರಿ.

ಇಂದು ಕುರುಂದವಾಡದ ಬಸ್ಸು ಬರುವುದು ಅನುಮಾನ.
ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿರುವ ಅನುಮಾನವಿದೆ.

ಮೊದಲನೆಯದರಲ್ಲಿ ಮಾತಾಡುವವನ ಮನಸ್ಸು ‘ಬರಲಾರದು’ ಎಂಬ ಕಡೆಗೆ ವಾಲಿದೆ. ಎರಡನೆಯದರಲ್ಲಿ ‘ಕೆಟ್ಟು ನಿಂತಿದೆ’ ಎಂಬ ಕಡೆಗೆ ವಾಲಿದೆ. ಒಂದೇ ಪದ ಒಮ್ಮೆ ‘ಇಲ್ಲ’ದತ್ತಲೂ ಒಮ್ಮೆ ‘ಹೌದು’ ಎಂಬತ್ತಲೂ ತಿರುಗುತ್ತದೆ. ತಿರುಗಿಸುವುದು ಪದವಲ್ಲ, ಅದರ ಹಿಂದಿನ ರೂಪ. ‘ಬರುವುದು’ ಎಂಬ ಭಾವನಾಮ ಬಂದರೆ ಒಲವು ಇಲ್ಲವೆಂಬ ಕಡೆಗೆ; ‘ಬಂದಿರುವ’ ಎಂಬ ಕೃದಂತವೋ ‘ಬಂದಿದ್ದಾನೆಂಬ’ ಎಂಬ ರೂಪವೋ ಬಂದರೆ ಹೌದೆಂಬ ಕಡೆಗೆ. ‘ಬರುವ ಬಗ್ಗೆ ಅನುಮಾನವಿದೆ’ ಎಂದಾಗ ಮತ್ತೆ ಇಲ್ಲವೆಂಬ ಕಡೆಗೇ. ಯಾವ ಕಡೆಗೂ ವಾಲದೆ ನಡುವೆ ನಿಲ್ಲಬೇಕಾದರೆ ಕನ್ನಡಕ್ಕೆ ‘ಓ’ ಎಂಬ ಪುಟ್ಟ ಅಕ್ಷರ ಸಾಕು: ‘ಬರುತ್ತದೋ ಇಲ್ಲವೋ ಎಂಬ ಅನುಮಾನ’. ‘ಯಾರೋ’, ‘ಏನೋ’, ‘ಎಲ್ಲಿಯೋ’ ಎಂಬಲ್ಲಿ ಕೊನೆಯಲ್ಲಿ ನಿಂತು ಅನಿಶ್ಚಯವನ್ನು ಸೂಚಿಸುವುದೂ ಇದೇ ‘ಓ’.

ಇದು ಬರಿಯ ವ್ಯಾಕರಣದ ಕುತೂಹಲವಲ್ಲ. ಶಿಕ್ಷಕರೊಬ್ಬರು ಪ್ರಗತಿಪುಸ್ತಕದಲ್ಲಿ ‘ಗಣಿತದಲ್ಲಿ ಉತ್ತೀರ್ಣಳಾಗುವುದು ಅನುಮಾನ’ ಎಂದು ಬರೆದರೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಕನ್ನಡ ಓದಬಲ್ಲವರು ಅಜ್ಜಿ ಮಾತ್ರ. ತಂದೆ ಓದಿದ್ದು ಮರಾಠಿ ಶಾಲೆಯಲ್ಲಿ. ಅಜ್ಜಿ ಅಕ್ಷರ ಕೂಡಿಸಿ ಓದಿ ಹೇಳುತ್ತಾಳೆ. ತಂದೆ ‘ಉತ್ತೀರ್ಣ’, ‘ಅನುಮಾನ’ ಎಂಬ ಎರಡು ಪದಗಳನ್ನು ಹಿಡಿದು, ಮಗಳು ಪಾಸಾಗುವಳೆಂಬ ಅಂದಾಜನ್ನು ಗುರುಗಳು ಬರೆದಿದ್ದಾರೆ ಎಂದು ನೆಮ್ಮದಿಯಿಂದಿರುತ್ತಾನೆ. ಮಗುವಿಗೆ ಮನೆಯಲ್ಲಿ ಸಿಗಬಹುದಾಗಿದ್ದ ಎರಡು ತಿಂಗಳ ನೆರವು ಅಲ್ಲಿಗೆ ಹೋಯಿತು. ಪಾಲಕರಿಗೆ ಬರೆಯುವಲ್ಲಿ ಈ ಪದವನ್ನು ಬಿಡುವುದೇ ಒಳ್ಳೆಯದು. ‘ಭಾಗಾಕಾರ ಇನ್ನೂ ಬಂದಿಲ್ಲ, ದಿನಕ್ಕೆ ಅರ್ಧ ತಾಸು ಕೂಡಿಸಿಕೊಂಡು ಮಾಡಿಸಿರಿ’ ಎಂದು ಬರೆದರೆ ಎರಡು ಭಾಷೆಯವರಿಗೂ ಒಂದೇ ಅರ್ಥ.

ನೆರೆಯ ಪದಗಳು

ಸಂಶಯ, ಸಂದೇಹ, ಶಂಕೆ, ಗುಮಾನಿ ಇವೆಲ್ಲ ಅನುಮಾನದ ನೆರೆಯವು. ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಇವನ್ನು ಒಂದೇ ಸಾಲಿನಲ್ಲಿ ಬರೆಯಿಸುವುದು ರೂಢಿ. ಪರೀಕ್ಷೆಗೆ ಅದು ಸಾಕು, ಬಳಕೆಗೆ ಸಾಲದು.

‘ಸಂಶಯ’ ಇವುಗಳಲ್ಲಿ ಅತ್ಯಂತ ವಿಶಾಲವಾದದ್ದು. ನಮ್ಮ ಕಡೆಯ ಆಡುಮಾತಿನಲ್ಲಿ ‘ಸಂಶೆ’ ಎಂದಾಗಿ ಮನೆಮಾತೇ ಆಗಿದೆ. ‘ಸಂದೇಹ’ ಕೊಂಚ ಗ್ರಾಂಥಿಕ. ಓದಿನಲ್ಲಿ, ಶಾಸ್ತ್ರದಲ್ಲಿ, ವಿಚಾರದಲ್ಲಿ ಬರುವ ತೊಡಕಿಗೆ ಹೆಚ್ಚು ಒಪ್ಪುತ್ತದೆ. ವ್ಯಕ್ತಿಯ ನಡತೆಯ ಮೇಲೆ ಸಂದೇಹ ಎಂಬುದಕ್ಕಿಂತ ಅನುಮಾನ ಎಂಬುದೇ ಹೆಚ್ಚು ರೂಢಿ. ‘ಗುಮಾನಿ’ ಫಾರಸಿಯ ‘ಗುಮಾನ್’ ಎಂಬುದರಿಂದ ಬಂದದ್ದು. ಕಳ್ಳತನ, ಮೋಸ, ಗುಟ್ಟು ಇವುಗಳ ಜೊತೆಗೆ ಮಾತ್ರ ಓಡಾಡುತ್ತದೆ.

‘ಶಂಕೆ’ಯ ಬಗ್ಗೆ ಕೊಂಚ ನಿಂತು ಹೇಳಬೇಕು. ಸಂಸ್ಕೃತದಲ್ಲಿಯೇ ಈ ಪದಕ್ಕೆ ಸಂಶಯವೆಂಬಂತೆ ಭಯವೆಂಬ ಅರ್ಥವೂ ಇದೆ. ಕನ್ನಡದಲ್ಲಿ ಆ ಭಯ ಪದದೊಳಗೆ ಈಗಲೂ ಅಡಗಿದೆ. ‘ರೋಗ ಹರಡುವ ಶಂಕೆ’, ‘ಬೆಳೆ ಕೈಕೊಡುವ ಶಂಕೆ’ ಎನ್ನುತ್ತೇವೆ. ‘ನಮ್ಮ ಶಾಲೆಗೆ ಬಹುಮಾನ ಬಂದಿರುವ ಶಂಕೆ’ ಎಂದು ನಗೆಗಾಗಿ ಹೊರತು ಯಾರೂ ಹೇಳುವುದಿಲ್ಲ. ‘ನಿಸ್ಸಂಶಯವಾಗಿ’ ಎಂದರೆ ಖಚಿತವಾಗಿ. ‘ನಿಶ್ಶಂಕೆಯಿಂದ’ ಎಂದರೆ ಹೆದರಿಕೆಯಿಲ್ಲದೆ. (‘ಅನುಮಾನ’ಕ್ಕೆ ಮಾತ್ರ ಇಂಥ ನಿಷೇಧರೂಪ ಬೆಳೆಯಲಿಲ್ಲ, ‘ಅನುಮಾನವೇ ಇಲ್ಲ’ ಎಂದು ಬಿಡಿಸಿಯೇ ಹೇಳಬೇಕು.) ಶಿರೋಳ ತಾಲೂಕಿನ ಜೈನ ಮನೆಗಳ ಮಕ್ಕಳಿಗೆ ಈ ಪದ ಬಸದಿಯಿಂದಲೂ ಪರಿಚಿತವಾಗಿರಬಹುದು: ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದೇ ‘ನಿಶ್ಶಂಕಿತ’. ಕುಂದಕುಂದಾಚಾರ್ಯರು ‘ಸಮಯಸಾರ’ದಲ್ಲಿ ಅದನ್ನು ನಿರ್ಭಯತೆಯೊಡನೆ ಜೋಡಿಸಿಯೇ ವಿವರಿಸಿದ್ದಾರೆ.

ಮರಾಠಿ ತರಗತಿಯಲ್ಲಿ ‘ಶಂಕಾ’ ಎಂದರೆ ವಿದ್ಯಾರ್ಥಿ ಕೇಳುವ ಪ್ರಶ್ನೆ. ‘ಶಂಕಾ ವಿಚಾರಾ’ ಎಂಬುದನ್ನು ಅಕ್ಷರಶಃ ತಂದು ‘ಶಂಕೆ ಕೇಳಿರಿ’ ಎನ್ನುವ ಶಿಕ್ಷಕರನ್ನು ತರಬೇತಿ ವರ್ಗಗಳಲ್ಲಿ ಕಂಡಿದ್ದೇನೆ. ಕನ್ನಡದಲ್ಲಿ ಶಂಕೆಯನ್ನು ‘ವ್ಯಕ್ತಪಡಿಸುತ್ತಾರೆ’, ಸಂದೇಹವನ್ನು ‘ಕೇಳುತ್ತಾರೆ’. ‘ಶಂಕಾ ಸಮಾಧಾನ’ ಎಂಬ ಜೋಡಿಪದ ಎರಡೂ ಭಾಷೆಗಳಲ್ಲಿ ಇದೆ, ಅದು ಇರಲಿ. ಆದರೆ ಕೆಳಗಿನ ಇಯತ್ತೆಗಳಲ್ಲಿ ‘ಶಂಕೆ’ಯೊಂದನ್ನೇ ಬಳಸಿದರೆ ‘ಲಘುಶಂಕೆ’ಯನ್ನು ನೆನೆದು ಹಿಂದಿನ ಸಾಲಿನ ಹುಡುಗರು ನಗುವುದು ಖಂಡಿತ, ಆ ನಗೆ ನಿಲ್ಲುವ ಹೊತ್ತಿಗೆ ಕೇಳಬೇಕೆಂದು ಎದ್ದ ಮಗು ಕುಳಿತುಬಿಟ್ಟಿರುತ್ತದೆ.

ಮನೆಮಾತಿನಲ್ಲಿ

ಊಟಕ್ಕೆ ಕುಳಿತ ಅತಿಥಿಗೆ ‘ಅನಮಾನ ಮಾಡಬ್ಯಾಡ್ರೀ, ಇನ್ನೊಂದು ರೊಟ್ಟಿ ಹಾಕಸ್ಕೋರಿ’ ಎನ್ನುವುದುಂಟು. ಇಲ್ಲಿ ಸಂಶಯದ ಮಾತೇ ಇಲ್ಲ. ಸಂಕೋಚಪಡಬೇಡಿ ಎಂದು ಅರ್ಥ. ‘ಅವನು ಅನುಮಾನಿಸುತ್ತ ಒಳಗೆ ಬಂದನು’ ಎಂಬ ಗ್ರಾಂಥಿಕ ವಾಕ್ಯದಲ್ಲಿಯೂ ಇದೇ ಹಿಂಜರಿಕೆಯ ಅರ್ಥ. ಸ್ವಾರಸ್ಯವೆಂದರೆ ಮರಾಠಿಯಲ್ಲಿ ‘ಅನುಮಾನ’ಕ್ಕೆ ಈ ಅರ್ಥವಿಲ್ಲ, ಆದರೆ ‘ಅನಮಾನ’ ಎಂಬ ಬೇರೆ ಪದವಿದ್ದು ಅದಕ್ಕೆ ಹಿಂಜರಿಕೆಯೆಂದೇ ಅರ್ಥ. ‘ಅನಮಾನ ಕರೂ ನಕಾ’ ಎಂದು ಅಲ್ಲಿಯೂ ಉಪಚರಿಸುತ್ತಾರೆ. ಬರೆಯುವಾಗ ಮಗು ‘ಅನಮಾನ’ ಎಂದು ಬರೆದರೆ ಒಡನೆ ಕೆಂಪು ಗೆರೆ ಎಳೆಯದೆ, ಯಾವ ಅರ್ಥದಲ್ಲಿ ಬರೆದಿದೆ ಎಂದು ಕೇಳುವುದು ಯೋಗ್ಯ.

ಸಂಶಯವನ್ನು ಹೇಳಲು ಕನ್ನಡಕ್ಕೆ ನಾಮಪದವೇ ಬೇಕೆಂದಿಲ್ಲ. ಸಂಭಾವನಾರ್ಥಕ ಕ್ರಿಯಾಪದವಿದೆ: ಬಂದಾನು, ಬಂದಾಳು, ಬಂದಾರು, ಬಂದೀತು, ಬಂದಾವು. ಕ್ರಿಯೆ ನಡೆಯುವುದರಲ್ಲಿ ಸಂಶಯ ಅಥವಾ ಊಹೆ ತೋರುವ ರೂಪವೆಂದೇ ಶಾಲಾ ವ್ಯಾಕರಣ ಇದನ್ನು ವಿವರಿಸುತ್ತದೆ. ಇಂದು ಅನೇಕ ಕಡೆ ಮಾತಿನಲ್ಲಿ ‘ಬರಬಹುದು’ ಎಂಬುದು ಇದರ ಸ್ಥಾನವನ್ನು ಆಕ್ರಮಿಸಿದೆ. ನಮ್ಮ ಭಾಗದ ಮನೆಗಳಲ್ಲಿ ಮಾತ್ರ ಇದು ಜೀವಂತವಾಗಿದೆ. ‘ಮಳಿ ಬಂದೀತು, ಅರಿವಿ ಒಳಗ ತಗೀ’ ಎಂದು ತಾಯಿ ಕೂಗುತ್ತಾಳೆ, ‘ಜ್ವಾಕಿ, ಬಿದ್ದೀ!’ ಎಂದು ಅಜ್ಜ ಎಚ್ಚರಿಸುತ್ತಾನೆ. ಪಂಚಗಂಗೆ ಕೃಷ್ಣೆಯನ್ನು ಕೂಡುವ ನೃಸಿಂಹವಾಡಿ ಇದೇ ಶಿರೋಳ ತಾಲೂಕಿನಲ್ಲಿದೆ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಊರುಗಳು ಇವು. ‘ನೀರು ಮನೀತನಕ ಬಂದೀತು’ ಎಂಬ ಒಂದು ಕ್ರಿಯಾಪದದ ಮೇಲೆ ದನಗಳ ಕಣ್ಣಿ ಬಿಚ್ಚುವುದೂ ಕಾಳಿನ ಚೀಲ ಅಟ್ಟಕ್ಕೇರುವುದೂ ನಿಂತಿರುತ್ತದೆ. ಇಂಥ ರೂಪವನ್ನು ವ್ಯಾಕರಣದ ಕೋಷ್ಟಕದಿಂದ ಆರಂಭಿಸಿ ಕಲಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಮಕ್ಕಳು ಅದನ್ನು ಬಾಯಲ್ಲಿ ಹೊತ್ತುಕೊಂಡೇ ಶಾಲೆಗೆ ಬಂದಿರುತ್ತಾರೆ. ಶಿಕ್ಷಕರು ಹೆಸರಿಟ್ಟರೆ ಸಾಕು.

ಇನ್ನೊಂದು ಮೋಸದ ಪದ ‘ಬಹುತೇಕ’. ಮರಾಠಿಯಲ್ಲಿ ‘ಬಹುತೇಕ ತೋ ಯೇಈಲ’ ಎಂದರೆ ಅವನು ಪ್ರಾಯಶಃ ಬರುತ್ತಾನೆ. ಕನ್ನಡದಲ್ಲಿ ‘ಬಹುತೇಕ’ ಎಂದರೆ ಹೆಚ್ಚಿನ ಮಟ್ಟಿಗೆ, ಹೆಚ್ಚು ಪಾಲು. ‘ಬಹುತೇಕ ಮಕ್ಕಳು ಬಂದರು’ ಸರಿ; ‘ಬಹುತೇಕ ಅವನು ಬರುತ್ತಾನೆ’ ಎಂಬುದು ಕನ್ನಡದ ವೇಷ ತೊಟ್ಟ ಮರಾಠಿ. ಅಲ್ಲಿ ‘ಬಹುಶಃ’ ಬೇಕು.

ಕೇಳದೆ ಉಳಿದ ಸಂಶಯ

ಪಾಠ ಮುಗಿಸಿ ನಾವೆಲ್ಲ ಕೇಳುವ ಮಾತು ಒಂದೇ: ‘ಯಾರಿಗಾದರೂ ಸಂಶಯವಿದೆಯೇ?’ ತರಗತಿ ಸುಮ್ಮನಿರುತ್ತದೆ. ಸಂಶಯವಿಲ್ಲ ಎಂದು ತಿಳಿದು ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಮೌನವನ್ನು ಅರಿಯಲು ನಮ್ಮ ಹಳೆಯ ಶಾಸ್ತ್ರಕಾರರ ವಿಂಗಡಣೆ ಯಾವ ಹೊಸ ಪುಸ್ತಕಕ್ಕಿಂತಲೂ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಜೈನ ನ್ಯಾಯವು ಸರಿಯಲ್ಲದ ಅರಿವನ್ನು ಮೂರು ಬಗೆಯಾಗಿ ಹೇಳುತ್ತದೆ: ಸಂಶಯ, ವಿಪರ್ಯಯ, ಅನಧ್ಯವಸಾಯ. ಮುಸ್ಸಂಜೆಯಲ್ಲಿ ಹೊಲದ ಬದುವಿನ ಮೇಲೆ ಕಾಣುವುದು ಕಂಬವೋ ಮನುಷ್ಯನೋ ಎಂದು ಮನಸ್ಸು ಎರಡರ ನಡುವೆ ತೂಗಾಡುವುದು ಸಂಶಯ. ಹೊಳೆಯುವ ಚಿಪ್ಪನ್ನು ಬೆಳ್ಳಿಯೆಂದು ದೃಢವಾಗಿ ನಂಬುವುದು ವಿಪರ್ಯಯ. ದಾರಿ ನಡೆಯುವಾಗ ಕಾಲಿಗೆ ಹುಲ್ಲು ಸೋಕಿದರೂ ‘ಏನೋ ತಾಗಿತು’ ಎಂದು ಗಮನಿಸದೆ ಮುಂದೆ ಹೋಗುವುದು ಅನಧ್ಯವಸಾಯ.

ಈಗ ಐದನೆಯ ಇಯತ್ತೆಯ ಅಪೂರ್ಣಾಂಕಗಳ ಪಾಠಕ್ಕೆ ಬನ್ನಿರಿ. ಮೂರರಲ್ಲಿ ಒಂದು ಭಾಗ, ನಾಲ್ಕರಲ್ಲಿ ಒಂದು ಭಾಗ, ಯಾವುದು ದೊಡ್ಡದು? ಒಬ್ಬಳು ‘ನಾಲ್ಕು ದೊಡ್ಡದು, ಆದರೆ ರೊಟ್ಟಿಯನ್ನು ನಾಲ್ಕು ಮಾಡಿದರೆ ತುಂಡು ಸಣ್ಣದಾಗುತ್ತದಲ್ಲ’ ಎಂದು ತಡವರಿಸುತ್ತಾಳೆ. ಆಕೆಯದು ಸಂಶಯ, ತಿಳಿವಳಿಕೆಯ ಬಾಗಿಲಲ್ಲಿಯೇ ನಿಂತಿದ್ದಾಳೆ. ಇನ್ನೊಬ್ಬ ‘ನಾಲ್ಕು ಮೂರಕ್ಕಿಂತ ದೊಡ್ಡದು, ಆದ್ದರಿಂದ ನಾಲ್ಕರಲ್ಲಿ ಒಂದೇ ದೊಡ್ಡದು’ ಎಂದು ಖಚಿತವಾಗಿ ಬರೆಯುತ್ತಾನೆ. ಅವನದು ವಿಪರ್ಯಯ. ಮೂರನೆಯವನು ಪಕ್ಕದವನ ಪಾಟಿ ನೋಡಿ ಏನನ್ನೋ ಬರೆದು ಮುಗಿಸುತ್ತಾನೆ; ಅದು ಅನಧ್ಯವಸಾಯ. ‘ಸಂಶಯವಿದೆಯೇ?’ ಎಂಬ ಪ್ರಶ್ನೆ ಮುಟ್ಟುವುದು ಮೊದಲನೆಯವಳನ್ನು ಮಾತ್ರ. ಎರಡನೆಯವನಿಗೆ ನಿಜವಾಗಿಯೂ ಸಂಶಯವಿಲ್ಲ. ಇಲ್ಲವೆಂದು ಅವನು ಹೇಳುವುದು ಸತ್ಯ. ಮೂರನೆಯವನಿಗೆ ಸಂಶಯಪಡುವಷ್ಟು ವಿಷಯ ಇನ್ನೂ ಕೈಗೆ ಸಿಕ್ಕಿಲ್ಲ. ಸಂಶಯ ಹುಟ್ಟಲು ಎರಡು ಪಕ್ಷಗಳಾದರೂ ಮನಸ್ಸಿನಲ್ಲಿ ಮೂಡಿರಬೇಕು.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. ವಿಪರ್ಯಯವಿರುವಲ್ಲಿ ಸಂಶಯವನ್ನು ಹುಟ್ಟಿಸುವುದು ಶಿಕ್ಷಕರ ಕೆಲಸ: ಎರಡು ಒಂದೇ ಅಳತೆಯ ರೊಟ್ಟಿಗಳನ್ನು, ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮುರಿದು ಕೈಗೆ ಕೊಟ್ಟು ‘ಯಾವ ತುಂಡು ಬೇಕು?’ ಎಂದು ಕೇಳಿರಿ. ಅನಧ್ಯವಸಾಯವಿರುವಲ್ಲಿ ಅದೇ ಪ್ರಶ್ನೆಯನ್ನು ಎರಡು ಉತ್ತರಗಳೊಡನೆ ಮುಂದಿಟ್ಟು ಒಂದನ್ನು ಆರಿಸಲು ಹೇಳಿರಿ. ಸಂಶಯವಿರುವ ಮಗುವಿಗೆ ಉತ್ತರವನ್ನು ಅವಸರದಿಂದ ಕೊಡಬೇಡಿರಿ. ಅದು ತಾನೇ ತಲುಪಲಿ.

ಮೊದಲನೆಯ ಹುಡುಗಿಯೂ ಕೆಲವೊಮ್ಮೆ ಬಾಯಿ ಬಿಡುವುದಿಲ್ಲ. ಆಗ ಅವಳ ಸಂಶಯ ಶಂಕೆಯಾಗಿದೆ, ಅಂದರೆ ಅದರೊಳಗೆ ಹೆದರಿಕೆ ಸೇರಿದೆ. ಗಡಿಭಾಗದಲ್ಲಿ ಈ ಹೆದರಿಕೆಗೆ ಭಾಷೆಯೂ ಒಂದು ಕಾರಣ: ಪ್ರಶ್ನೆ ಮನಸ್ಸಿನಲ್ಲಿ ಮನೆಮಾತಿನಲ್ಲಿಯೋ ಮರಾಠಿಯಲ್ಲಿಯೋ ಮೂಡಿದೆ, ಪುಸ್ತಕದ ಕನ್ನಡದಲ್ಲಿ ಕೇಳಲು ಬಾರದು. ‘ಸರ್ರೀ, ನಂಗ ಇದು ತಿಳೀವಲ್ದು’ ಎಂಬುದು ಪೂರ್ಣ ವಾಕ್ಯ, ಶುದ್ಧವಾದ ಪ್ರಶ್ನೆ. ‘ಸರಿಯಾಗಿ ಕೇಳು’ ಎಂದು ಅದನ್ನು ತಿದ್ದಿದರೆ ಮರುದಿನ ಅವಳು ಕೇಳುವುದಿಲ್ಲ. ‘ಡೌಟು’ ಎಂದು ಕೇಳಿದರೂ ನನ್ನ ತಕರಾರಿಲ್ಲ. ಉತ್ತರ ಕೊಡುವಾಗ ನಾವು ಪುಸ್ತಕದ ಪದವನ್ನು ಬಳಸಿದರೆ ಎರಡು ತಿಂಗಳಲ್ಲಿ ಅದು ಅವಳ ಬಾಯಿಗೂ ಬರುತ್ತದೆ. ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ ಮುಕ್ತವಾಗಿ ಅಭಿಪ್ರಾಯ ಹೇಳಲು ನೆರವಾಗಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮಿನಲ್ಲಿಯೇ ಇದೆ. ಪ್ರಶ್ನೆ ಕೇಳಿದ ಮಗುವಿನ ಮುಂದೆ ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಸಂಶಯಾತ್ಮನನ್ನು ತಂದು ನಿಲ್ಲಿಸುವವರೂ ಇದ್ದಾರೆ. ಅಲ್ಲಿ ಹೇಳಿದ್ದು ಶ್ರದ್ಧೆ ಮತ್ತು ಜ್ಞಾನ ಎರಡೂ ಇಲ್ಲದವನ ಸಂಶಯವನ್ನು. ಅಪೂರ್ಣಾಂಕ ತಿಳಿಯದ ಹುಡುಗಿಯ ಸಂಶಯವನ್ನಲ್ಲ.

ಮಗುವಿನ ಮೇಲಿನ ಅನುಮಾನ

‘ನನಗೆ ಅನುಮಾನ’ ಎಂದಾಗ ಅದು ನನ್ನ ಮನಸ್ಸಿನ ಸ್ಥಿತಿ. ‘ಅವನ ಮೇಲೆ ಅನುಮಾನ’ ಎಂದಾಗ ಭಾರ ಇನ್ನೊಬ್ಬರ ಮೇಲೆ ಬೀಳುತ್ತದೆ. ತರಗತಿಯಲ್ಲಿ ಪೆನ್ನೋ ಹತ್ತು ರೂಪಾಯಿಯೋ ಕಳೆದಾಗ ಈ ‘ಮೇಲೆ’ ಎಂಬ ಅವ್ಯಯ ಬಹಳ ಬೇಗ ಬಾಯಿಗೆ ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ತಪ್ಪಿತಸ್ಥನು ತಾನೇ ಸಿಕ್ಕಿಬೀಳುತ್ತಾನೆಂದು ಹೇಳುತ್ತದೆ. ಮಕ್ಕಳ ವಿಷಯದಲ್ಲಿ ಅದನ್ನು ನಂಬಬೇಡಿರಿ. ಹಿಂದೆ ಒಮ್ಮೆ ಬೈಸಿಕೊಂಡ ಮಗು ಕದಿಯದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತದೆ. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಹತ್ತು ವರ್ಷದ ಮಗುವಿಗೆ ಅಷ್ಟಾದರೂ ಸಲ್ಲಬೇಕು.

ತರಗತಿಯಲ್ಲಿ ಮಾಡಿಸುವುದು

ಆರನೆಯ ಇಯತ್ತೆಯಿಂದ ಮೇಲಿನವರಿಗೆ ಒಂದು ತಾಸಿನ ಪಾಠ ಸಾಕು. ಮನೆಯಲ್ಲಿ ಒಂದು ದಿನ ಕಿವಿಗೊಟ್ಟು ಕೇಳಿ, ಸಂಶಯ ತೋರುವ ನಾಲ್ಕು ವಾಕ್ಯಗಳನ್ನು ಆಡಿದಂತೆಯೇ ಬರೆದು ತರಲು ಹೇಳಿರಿ, ಮರಾಠಿಯವೂ ಇರಲಿ. ಫಲಕದ ಮೇಲೆ ಬರೆದು, ಪ್ರತಿಯೊಂದು ವಾಕ್ಯವೂ ‘ಹೌದು’ ಎಂಬ ಕಡೆಗೆ ವಾಲಿದೆಯೋ ‘ಇಲ್ಲ’ ಎಂಬ ಕಡೆಗೋ ನಡುವೆ ನಿಂತಿದೆಯೋ ಎಂದು ಕೇಳಿರಿ. ಹೆಸರುಗಳನ್ನು ಆ ಮೇಲೆ ಹೇಳಿರಿ. ಬಳಿಕ ‘ಅನುಮಾನ’ ಎಂಬ ಒಂದೇ ಪದವನ್ನು ಕೊಟ್ಟು, ಸಂಶಯ, ಹಿಂಜರಿಕೆ, ತೀರ್ಮಾನ ಎಂಬ ಮೂರು ಅರ್ಥಗಳಲ್ಲಿ ಮೂರು ವಾಕ್ಯ ಮಾಡಿಸಿರಿ. ಮೂರನೆಯದಕ್ಕೆ ವಿಜ್ಞಾನದ ಪ್ರಯೋಗವನ್ನು ಬಳಸಬಹುದೆಂದು ಸೂಚಿಸಿರಿ.

ಕಿರಿಯರಿಗೆ ಆಟ ಸಾಕು. ಮುಚ್ಚಿದ ಚೀಲದಲ್ಲಿ ಒಂದು ವಸ್ತುವನ್ನಿಟ್ಟು ಅಲುಗಾಡಿಸಿರಿ. ‘ಕಲ್ಲಿದ್ದೀತು’, ‘ಗೋಲಿ ಇದ್ದೀತು’, ‘ಗೋಲಿಯೋ ಕಲ್ಲೋ’ ಎಂದು ಮಕ್ಕಳು ಹೇಳಲಿ. ಪ್ರತಿ ಸಲವೂ ‘ಏತಕ್ಕೆ ಹಾಗೆ ಅನ್ನುತ್ತೀ?’ ಎಂದು ಕಾರಣ ಕೇಳಿರಿ. ಸದ್ದು, ಭಾರ, ಆಕಾರ ಎಂದು ಕಾರಣಗಳು ಬರತೊಡಗಿದಾಗ ಅವನ್ನು ಫಲಕದ ಒಂದು ಬದಿಗೆ ಬರೆಯಿರಿ. ಚೀಲವನ್ನು ತೆರೆಯುವ ಮೊದಲು, ತನ್ನ ಉತ್ತರವನ್ನು ಬದಲಿಸಲು ಇಚ್ಛಿಸುವವರಿಗೆ ಒಂದು ಅವಕಾಶ ಕೊಡಿರಿ. ಬದಲಿಸಿದ ಮಕ್ಕಳ ಹೆಸರುಗಳನ್ನೂ, ಯಾವ ಕಾರಣವನ್ನು ಕೇಳಿ ಬದಲಿಸಿದರೆಂಬುದನ್ನೂ ನಿಮ್ಮ ಟಾಚಣವಹಿಯಲ್ಲಿ ಬರೆದಿಟ್ಟುಕೊಳ್ಳಿರಿ.